ಚೆಂದದ ರಸ್ತೆ ಅಂತ ಬರೆದು ಕೈ ತೊಳೆದುಕೊಂಡರೆ ಸಾಕೇ?

ಶಿರಹಟ್ಟಿಯಿಂದ ಸಮುದ್ರ ದೂರ. ಹಾಗಾಗಿ ನಮ್ಮ ಕಡೆಯವರಿಗೆ ಕರಾವಳಿ ರಸ್ತೆ ಅಂದರೆ ಸ್ವರ್ಗ. ಮರವಂತೆಯಲ್ಲಿ ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಗಾಡಿ ನಿಲ್ಲಿಸಿ ಫೋಟೊ ತೆಗೆಯದವರು ಕಡಿಮೆ. ನಾವೂ ತೆಗೆದಿದ್ದೇವೆ. 'ಒಮ್ಮೆಯಾದರೂ ಹೋಗಲೇಬೇಕಾದ ರಸ್ತೆ' ಎಂಬ ಲೇಖನಗಳನ್ನು ನಾವೂ ಬರೆದಿದ್ದೇವೆ. ಇವತ್ತು ನಮ್ಮ ತಕರಾರು ಆ ಲೇಖನಗಳ ಮೇಲೆಯೇ.

ಅದೇ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ ಅಂಕೋಲಾ ತಾಲ್ಲೂಕಿನ ಶಿರೂರು. ಒಂದು ಬದಿ ಗುಡ್ಡ, ಇನ್ನೊಂದು ಬದಿ ಗಂಗಾವಳಿ. ನಮ್ಮ ಧಾರವಾಡದ ಕಡೆ ಹುಟ್ಟುವ ಬೇಡ್ತಿಗೇ ಅಲ್ಲಿ ಆ ಹೆಸರು. ಅದೂ ಚೆಂದದ ರಸ್ತೆಯೇ. ಚತುಷ್ಪಥಕ್ಕಾಗಿ ಗುಡ್ಡದ ಬುಡ ಕಡಿದರು. 2024ರ ಜುಲೈ 16ರ ಬೆಳಿಗ್ಗೆ ಗುಡ್ಡ ರಸ್ತೆಗೇ ಬಂತು. ರಸ್ತೆ ಬದಿಯ ಚಹಾದಂಗಡಿಯ ಕುಟುಂಬ, ಲಾರಿ ನಿಲ್ಲಿಸಿದ್ದ ಚಾಲಕರು ಮಣ್ಣಿನ ಪಾಲಾದರು. ಮಣ್ಣು ಬಿದ್ದ ಹೊಡೆತಕ್ಕೆ ನದಿಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳನ್ನೂ ಕೆಡವಿತು. ಕೇರಳದ ಒಂದು ಲಾರಿ, ಅದರ ಚಾಲಕನ ದೇಹ ನದಿಯಿಂದ ಮೇಲೆ ಬಂದದ್ದು ಎರಡು ತಿಂಗಳ ನಂತರ.

'ಮಳೆ ಜಾಸ್ತಿಯಾಯಿತು, ಯಾರೇನು ಮಾಡಲಿಕ್ಕಾಗುತ್ತದೆ?' ಎನ್ನುವವರಿದ್ದಾರೆ. ಉತ್ತರ ಕನ್ನಡಕ್ಕೆ ಮಳೆ ಹೊಸದೇ? ಮಳೆ ಬರುತ್ತದೆಂದು ಗೊತ್ತಿದ್ದೇ ಗುಡ್ಡವನ್ನು ಗೋಡೆಯಂತೆ ಕಡಿದು ನಿಲ್ಲಿಸಿದ ಮೇಲೆ ತಪ್ಪು ಮುಗಿಲಿನದಾಗುವುದಿಲ್ಲ.

ರಸ್ತೆಯೇ ಬೇಡ ಅನ್ನುವವರು ನಾವಲ್ಲ. ಎರೆಮಣ್ಣಿನ ಹಾದಿಯಲ್ಲಿ ಮಳೆಗಾಲದಾಗ ಚಕ್ಕಡಿ ಹುಗಿದು ನಿಂತದ್ದನ್ನು ನೋಡಿ ಬೆಳೆದವರು ನಾವು. ನಾವು ಕೇಳುವುದು ಇಷ್ಟೇ: ಗುಡ್ಡ ಎಷ್ಟು ಇಳಿಜಾರಿನಲ್ಲಿ ಕಡಿದಿದ್ದೀರಿ? ಮೇಲಿಂದ ಬರುವ ನೀರಿಗೆ ಚರಂಡಿ ಎಲ್ಲಿದೆ? ಅಲ್ಲೇ ಅಂಗಡಿ ಇಟ್ಟವರನ್ನು, ಕೆಳಗೆ ಮನೆ ಇದ್ದವರನ್ನು ಕೇಳಿದಿರಾ?

ಈ ಪ್ರಶ್ನೆಗಳನ್ನು ಗುಡ್ಡ ಬೀಳುವ ಮೊದಲು ಕೇಳಬೇಕಾದವರು ಪತ್ರಕರ್ತರು. ಫೋಟೊಕ್ಕೆ ಅಡ್ಡ ಬರುತ್ತದೆಂದು ನಾವು ಚೌಕಟ್ಟಿನಿಂದ ಹೊರಗಿಟ್ಟಿದ್ದು ಅದೇ ಚಹಾದಂಗಡಿಯನ್ನು.

ಈಗ ನಮ್ಮ ಕಪ್ಪತಗುಡ್ಡದ ಸರದಿ. ಜನ ಹೋರಾಡಿದ ಮೇಲೆ 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಮಳೆ ಬಿದ್ದು ಹಸಿರಾದರೆ ಸಾಕು, ರೀಲ್ಸ್ ಮಾಡುವವರ ಸಾಲು. ನಾಳೆ ಅಲ್ಲಿ ರಸ್ತೆ ಅಗಲ ಮಾಡುವ ಮಾತು ಬಂದರೆ, ಮೊದಲ ಸುದ್ದಿ ಮಂಜಿನದ್ದಾಗಬಾರದು. ಗುಡ್ಡದ ಬುಡದಲ್ಲಿ ಕುರಿ ಮೇಯಿಸುವವರದ್ದಾಗಬೇಕು. ಅದನ್ನು ಬರೆಯದಿದ್ದರೆ ನಾವು ಗ್ರಾಮೀಣ ಪತ್ರಿಕೋದ್ಯಮ ಓದಿದ್ದು ದಂಡ.