ಶೆಣೈಯವರ ಭಿನ್ನಮತ ಮತ್ತು ನಮ್ಮ ಪಾಠ

ಎರಡನೆಯ ಪಂಚವಾರ್ಷಿಕ ಯೋಜನೆಯ ಪಾಠವನ್ನು ನಾವೆಲ್ಲರೂ ಓದಿದ್ದೇವೆ. ನಮ್ಮಲ್ಲಿ ಅನೇಕರು ಬೋಧಿಸಿಯೂ ಇದ್ದೇವೆ. ಮಹಾಲನೋಬಿಸರ ಹೆಸರು, ಭಾರೀ ಕೈಗಾರಿಕೆಗಳಿಗೆ ದೊರೆತ ಪ್ರಾಶಸ್ತ್ಯ, ಭಿಲಾಯಿ, ರೂರ್ಕೆಲಾ, ದುರ್ಗಾಪುರಗಳ ಉಕ್ಕಿನ ಕಾರ್ಖಾನೆಗಳು, ಇಷ್ಟನ್ನು ವಿದ್ಯಾರ್ಥಿ ಒಪ್ಪಿಸಿದರೆ ನಮಗೆ ತೃಪ್ತಿ. ಆ ಯೋಜನೆಗೆ ಅರ್ಥಶಾಸ್ತ್ರಜ್ಞರೊಬ್ಬರು ಲಿಖಿತವಾಗಿ ಭಿನ್ನಮತ ಸೂಚಿಸಿದ್ದರೆಂಬುದನ್ನಾಗಲಿ, ಅವರು ನಮ್ಮ ಕಾಸರಗೋಡು ಸೀಮೆಯ ಬೆಳ್ಳಿಕೋತಿನಲ್ಲಿ ಹುಟ್ಟಿದವರೆಂಬುದನ್ನಾಗಲಿ ನಾವು ಹೇಳುವುದಿಲ್ಲ. ಹೇಳಿದರೂ ‘ಸಂಪ್ರದಾಯವಾದಿ, ಧನಿಕರ ಪಕ್ಷಪಾತಿ’ ಎಂಬೆರಡು ಮಾತುಗಳಲ್ಲಿ ಮುಗಿಸಿಬಿಡುತ್ತೇವೆ. ಈ ವಾಡಿಕೆ ಸಲ್ಲದೆಂಬುದು ನಮ್ಮ ಖಚಿತವಾದ ಅಭಿಪ್ರಾಯ.

ಬಿ. ಆರ್. ಶೆಣೈಯವರು ಜನಿಸಿದ್ದು 1905ರಲ್ಲಿ. ಬೆಳ್ಳಿಕೋತ್ ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಿತು. ಅವರು ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಕಲಿತು ಲಂಡನ್ನಿಗೆ ತೆರಳಿ, ಅಲ್ಲಿಯ ಅರ್ಥಶಾಸ್ತ್ರ ವಿದ್ಯಾಲಯದಲ್ಲಿ 1931ರಲ್ಲಿ ಹಾಯೆಕರ ಉಪನ್ಯಾಸಗಳನ್ನು ಕೇಳಿದರು. ಮುಂದೆ ಸಿಂಹಳದಲ್ಲಿ ಅಧ್ಯಾಪಕರಾಗಿಯೂ, ರಿಸರ್ವ್ ಬ್ಯಾಂಕಿನಲ್ಲಿ ಅಧಿಕಾರಿಯಾಗಿಯೂ ದುಡಿದು, ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾಲಯದಲ್ಲಿ ಸಮಾಜವಿಜ್ಞಾನ ವಿಭಾಗದ ನಿರ್ದೇಶಕರಾದರು. 1978ರಲ್ಲಿ ತೀರಿಕೊಂಡರು.

1955ರಲ್ಲಿ ಅರ್ಥಸಚಿವ ಚಿಂತಾಮಣಿ ದೇಶಮುಖರ ಅಧ್ಯಕ್ಷತೆಯಲ್ಲಿ ಅರ್ಥಶಾಸ್ತ್ರಜ್ಞರ ಮಂಡಲಿಯೊಂದು ಎರಡನೆಯ ಯೋಜನೆಯ ರೂಪರೇಷೆಯನ್ನು ಪರಿಶೀಲಿಸಿತು. ಗಾಡಗೀಳ, ವಿ. ಕೆ. ಆರ್. ವಿ. ರಾವ್ ಮೊದಲಾದ ಘನ ವಿದ್ವಾಂಸರು ಅದರಲ್ಲಿದ್ದರು. ಮಂಡಲಿ ಒಪ್ಪಿತು, ಶೆಣೈಯವರೊಬ್ಬರು ಒಪ್ಪಲಿಲ್ಲ. ತಮ್ಮ ಕಾರಣಗಳನ್ನು ಬರೆದು ಸಹಿ ಮಾಡಿದರು.

ಕಾರಣಗಳೇನು? ರಾಷ್ಟ್ರವೊಂದು ಕೈಗಾರಿಕೆಗೆ ತೊಡಗಿಸಬಲ್ಲುದು ತನ್ನ ಜನರ ಉಳಿತಾಯವನ್ನೇ ಹೊರತು ಅಚ್ಚುಮಾಡಿದ ನೋಟನ್ನಲ್ಲ. ಉಳಿತಾಯವನ್ನು ಮೀರಿದ ಯೋಜನೆಗೆ ನೋಟಿನ ಆಸರೆ ಕೊಟ್ಟರೆ ಬೆಲೆಗಳು ಏರುವುವು. ವಿದೇಶೀ ವಿನಿಮಯ ಕರಗುವುದು. ಅದನ್ನು ತಡೆಯಲು ನಿಯಂತ್ರಣಗಳು, ನಿಯಂತ್ರಣಗಳ ಹಿಂದೆ ಪರವಾನಗಿಗಳು, ಪರವಾನಗಿಗಳ ಹಿಂದೆ ಲಂಚ. 1956ರಲ್ಲಿ ಅಂಗೀಕೃತವಾದ ಯೋಜನೆಯಲ್ಲಿ ಸರಕಾರಿ ವಲಯದ ವೆಚ್ಚ 4,800 ಕೋಟಿ ರೂಪಾಯಿ. ಅದರಲ್ಲಿ 1,200 ಕೋಟಿ, ಅಂದರೆ ಕಾಲುಭಾಗ, ಕೊರತೆ ಹಣಕಾಸಿನಿಂದ ಬರತಕ್ಕುದಾಗಿತ್ತು.

ಇದು ಧನಿಕರ ಪಕ್ಷವೆ? ಬೆಲೆಯೇರಿದಾಗ ದಾಸ್ತಾನುಳ್ಳ ವರ್ತಕನಿಗೆ ಲಾಭ. ಆಮದಿನ ಪರವಾನಗಿ ದೊರೆತವನಿಗೆ ಕುಳಿತಲ್ಲೇ ಸಂಪತ್ತು. ದಿನಗೂಲಿಯ ಆಳೂ ತಿಂಗಳ ಸಂಬಳವನ್ನೇ ನಂಬಿದ ಉಪಾಧ್ಯಾಯನೂ ಮಾತ್ರ ಅದೇ ರೂಪಾಯಿಗೆ ಕಡಿಮೆ ಅಕ್ಕಿ ತರುತ್ತಾರೆ. ಹಣದುಬ್ಬರವು ಬಡವನ ಗಂಟನ್ನು ಧನಿಕನ ಪೆಟ್ಟಿಗೆಗೆ ಸಾಗಿಸುತ್ತದೆಂಬುದೇ ಶೆಣೈಯವರ ಆಜನ್ಮದ ಆಕ್ಷೇಪವಾಗಿತ್ತು. ಇಂಥವರನ್ನು ಧನಿಕರ ವಕೀಲರೆಂದವರು ಅವರ ಬರಹವನ್ನು ಓದಿರಲಾರರು.

ಉಕ್ಕಿನ ಕಾರ್ಖಾನೆಗಳು ಬೇಡವಾಗಿದ್ದುವೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಅದಲ್ಲ; ಯಾರ ಉಳಿತಾಯದಿಂದ, ಎಷ್ಟು ವೇಗದಿಂದ ಎಂಬುದು ಪ್ರಶ್ನೆ. ಯೋಜನೆ ಆರಂಭವಾದ ಮರುವರ್ಷವೇ, 1957ರಲ್ಲಿ, ವಿದೇಶೀ ವಿನಿಮಯದ ಮುಗ್ಗಟ್ಟು ತಲೆದೋರಿತು. 1966ರ ಜೂನಿನಲ್ಲಿ 4.76 ರೂಪಾಯಿಯ ಡಾಲರು 7.50 ರೂಪಾಯಿಗೇರಿತು. ಯುದ್ಧಗಳೂ ಬರಗಾಲವೂ ಇದಕ್ಕೆ ಕಾರಣಗಳೆಂಬುದನ್ನು ನಾವು ಮರೆಮಾಚುವುದಿಲ್ಲ. ಆದರೆ ಎಚ್ಚರಿಕೆ ಅವೆಲ್ಲಕ್ಕೂ ಮುಂಚೆಯೇ ಲಿಖಿತದಲ್ಲಿತ್ತು. ಪರವಾನಗಿಗಳ ಬಹುಭಾಗವನ್ನು 1991ರಲ್ಲಿ ಸರಕಾರವೇ ಕಿತ್ತುಹಾಕಿತು.

ಹಾಗೆಂದು ಶೆಣೈಯವರನ್ನು ನಾವು ಇಡಿಯಾಗಿ ಒಪ್ಪಬೇಕೆ? ಇಲ್ಲ. ಮಾರುಕಟ್ಟೆಯಲ್ಲಿ ಅವರಿಟ್ಟಿದ್ದ ನಂಬಿಕೆ ನಮಗಿಲ್ಲ. ಗಡಿಯಾಚೆಯ ಹಳ್ಳಿಯಲ್ಲಿ ಹನ್ನೆರಡು ಮಕ್ಕಳಿಗಾಗಿ ಕನ್ನಡ ಶಾಲೆ ತೆರೆಯುವ ವರ್ತಕ ಯಾವ ಸಂತೆಯಲ್ಲಿಯೂ ಸಿಗುವುದಿಲ್ಲ. ಆ ಶಾಲೆ ಸರಕಾರದ ಹಣದಿಂದ ನಡೆಯತಕ್ಕದ್ದು. ಅದು ನಮ್ಮ ಹಕ್ಕು. ಆದರೆ ಸರಕಾರದ ಹಣವೆಂಬುದು ಆಕಾಶದಿಂದ ಉದುರಿದ್ದಲ್ಲ, ಯಾರೋ ದುಡಿದು ಉಳಿಸಿದ್ದು ಎಂದು ನೆನಪಿಸುವ ಗುರುವೂ ನಮಗೆ ಬೇಕು.

ಉಪಾಧ್ಯಾಯ ಬಂಧುಗಳೆ, ಯೋಜನೆ ಆರಂಭವಾದ 1956ರಲ್ಲಿಯೇ ರಾಜ್ಯಗಳ ಪುನರ್ವಿಂಗಡಣೆಯಿಂದ ಬೆಳ್ಳಿಕೋತ್ ಸಹಿತವಾಗಿ ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ನಮ್ಮ ಮಕ್ಕಳು ಎಣಿಕೆಯಲ್ಲಿ ಕಡಿಮೆಯವರಾಗಿಯೇ ಬೆಳೆದಿದ್ದಾರೆ. ಒಂಟಿಯಾದವನು ಅದೇ ಕಾರಣದಿಂದ ತಪ್ಪಿದವನಲ್ಲ. ಒಂಟಿಯಾದ ಮಾತ್ರಕ್ಕೆ ಸರಿಯಾದವನೂ ಅಲ್ಲ. ಅವನು ಕಾರಣಗಳನ್ನು ಬರೆದು ಕೆಳಗೆ ಹೆಸರು ಹಾಕಬೇಕು. ಓದುವವರು ಕಾರಣಗಳನ್ನು ತೂಗಬೇಕು. ಈ ಪಾಠವನ್ನು ನಮ್ಮ ಮಕ್ಕಳಿಗಿಂತ ಹೆಚ್ಚಾಗಿ ಯಾರು ಕಲಿಯಬೇಕಾಗಿದೆ?

ಮುಂದಿನ ಸಲ ಎರಡನೆಯ ಯೋಜನೆಯನ್ನು ಬೋಧಿಸುವಾಗ ಮಂಡಲಿಯ ಮತವನ್ನೂ ಶೆಣೈಯವರ ಮತವನ್ನೂ ಕರಿಹಲಗೆಯ ಎರಡು ಬದಿಗಳಲ್ಲಿ ಬರೆಯಿರಿ. ತೀರ್ಪನ್ನು ವಿದ್ಯಾರ್ಥಿಗಳಿಗೆ ಬಿಡಿರಿ. ಅವರು ಮಹಾಲನೋಬಿಸರ ಪಕ್ಷ ಹಿಡಿದರೂ ನಮಗೆ ಚಿಂತೆಯಿಲ್ಲ. ಒಂದೇ ಪಕ್ಷವನ್ನು ಕೇಳಿ ಹಿಡಿದರೆ ಮಾತ್ರ ಚಿಂತೆ.