ಕಿವಿಬಟ್ಟಲಿನ ಕಲಹ

ಸದ್ದನ್ನು ಸದ್ದಿನಿಂದಲೇ ಅಳಿಸುವುದೆಂದರೆ ಕಣ್ಕಟ್ಟಿನಂತೆ ತೋರುತ್ತದೆ. ಜರ್ಮನಿಯ ಪೌಲ್ ಲ್ಯೂಗ್ 1936ರಲ್ಲಿಯೇ ಇದಕ್ಕೆ ಅಮೆರಿಕದ ಪೇಟೆಂಟನ್ನು ಪಡೆದಿದ್ದರು. ಬಂಗಾಳಿ ತಂದೆಯ ಮಗನಾದ ಅಮರ್ ಬೋಸರು 1978ರಲ್ಲಿ ಜ್ಯೂರಿಕ್‌ನಿಂದ ಹಿಂದಿರುಗುವಾಗ ವಿಮಾನದಲ್ಲಿಯೇ ಕುಳಿತು ಲೆಕ್ಕ ಹಾಕಿದರು. 1989ರಲ್ಲಿ ಅವರ ಸಂಸ್ಥೆಯು ವಿಮಾನ ಚಾಲಕರ ಹೆಡ್‌ಸೆಟ್ಟನ್ನು ಮಾರುಕಟ್ಟೆಗೆ ತಂದಿತು. ಕಿವಿಬಟ್ಟಲೊಳಗಿನ ಪುಟ್ಟ ಮೈಕ್ರೊಫೋನು ಎಂಜಿನಿನ ಮೊರೆತವನ್ನು ಆಲಿಸುತ್ತದೆ. ಆ ಅಲೆ ಏರಿದಲ್ಲಿ ಇಳಿಯುವ, ಇಳಿದಲ್ಲಿ ಏರುವ ಎದುರಲೆಯನ್ನು ಯಂತ್ರವು ಹುಟ್ಟಿಸುತ್ತದೆ.

ಹಾರಾಟದ ನಡುವೆ ಇದು ಮುನಿದರೆ ತಪ್ಪಿಹೋಗುವುದು ಸಂಗೀತವಲ್ಲ, ಕಂಟ್ರೋಲ್ ಟವರಿನ ಅಪ್ಪಣೆ! ಮೊರೆತವು ಹಠಾತ್ತನೆ ಮರಳಿದರೆ ಮೊದಲು ಬ್ಯಾಟರಿಯನ್ನು ಶಂಕಿಸಬೇಕು. ಬ್ಯಾಟರಿ ಮುಗಿದರೂ ಮಾತು ಸಾಮಾನ್ಯವಾಗಿ ಕೇಳಿಸುತ್ತಲೇ ಇರುತ್ತದೆ. ಮಾತೂ ನಿಂತಿತೆನ್ನಿ, ಆಗ ಪ್ಲಗ್ಗನ್ನು ಪೂರ್ತಿ ಒಳಕ್ಕೆ ಒತ್ತಬೇಕು. ಪಕ್ಕದ ಆಸನದ ಹೆಡ್‌ಸೆಟ್ಟನ್ನು ಅಲ್ಲಿಗೇ ಸಿಕ್ಕಿಸಿದರೆ ಕಳ್ಳ ಯಾರೆಂಬುದು ತಿಳಿಯುತ್ತದೆ.

ಆದರೆ ಅನೇಕ ಸಲ ಅಪರಾಧಿ ಕನ್ನಡಕವೇ. ಕನ್ನಡಕಧಾರಿಯಾದ ನನಗೆ ಇದನ್ನು ಬರೆಯಲು ಸಂಕೋಚ. ಅದರ ದಪ್ಪ ಕಡ್ಡಿಯು ಕಿವಿಯ ಮೆತ್ತೆಯನ್ನು ಎತ್ತಿಹಿಡಿದರೆ ಆ ಸಂದಿನಲ್ಲಿ ಮೊರೆತ ನುಸುಳುತ್ತದೆ. ಎದುರಲೆಗೆ ವಶವಾಗುವುದು ತಗ್ಗುದನಿಯ ಮೊರೆತ ಮಾತ್ರ. ಕೀರಲು ಸದ್ದನ್ನು ತಡೆಯುವ ಹೊಣೆ ಬಹುಮಟ್ಟಿಗೆ ಮೆತ್ತೆಯದೇ. ಬಟ್ಟಲನ್ನು ಅಂಗೈಯಿಂದ ಮೆಲ್ಲನೆ ಒತ್ತಿದಾಗ ಸದ್ದು ತಗ್ಗಿತೇ? ಹಾಗಾದರೆ ಸಡಿಲವಾಗಿರುವುದು ಮೆತ್ತೆ. ತೆಳುಕಡ್ಡಿಯ ಕನ್ನಡಕವೋ ಹೊಸ ಮೆತ್ತೆಯೋ ಸಾಕು.

ಒಂದೇ ಕಿವಿ ಮೂಕವಾದರೆ, ರಿಪೇರಿಯವನಲ್ಲಿಗೆ ಓಡುವ ಮುನ್ನ ಮೋನೊ-ಸ್ಟೀರಿಯೊ ಗುಂಡಿಯನ್ನು ಬದಲಿಸಿ ನೋಡುವುದು ಲೇಸು.