ಗಾಲ್ಫ್ ಚೀಲ, ನಮ್ಮ ಹೆಗಲು

ಹವ್ಯಾಸ ಅನ್ನುವ ಪದ ನಮಗೆ ಮೊದಲು ಸಿಕ್ಕಿದ್ದು ಕೆಲಸದ ಅರ್ಜಿಯಲ್ಲಿ. ಹೆಸರು, ತಂದೆಯ ಹೆಸರು, ಜಾತಿ, ಉಪಜಾತಿ, ಆಮೇಲೆ ಹವ್ಯಾಸ. ಮೊದಲ ನಾಲ್ಕಕ್ಕೆ ನಮ್ಮಲ್ಲಿ ಉತ್ತರವಿತ್ತು. ಐದನೆಯದಕ್ಕೆ ಏನು ಬರೆಯುವುದು? ರಜೆಯಲ್ಲಿ ಕೂಲಿಗೆ ಹೋಗುವುದು ಹವ್ಯಾಸವೇ? ಹಾಸ್ಟೆಲಿನ ಸಾರಿನಲ್ಲಿ ಬೇಳೆ ಹುಡುಕುವುದು ಹವ್ಯಾಸವೇ? ಪುಸ್ತಕ ಓದುವುದು ಅಂತ ಬರೆದು ಕೈ ತೊಳೆದುಕೊಂಡೆವು. ಅವತ್ತು ನಮ್ಮ ಪಕ್ಕದಲ್ಲೇ ಕೂತು ಆ ಫಾರಮ್ಮು ತುಂಬಿದ ಕೆಲವು ಗೆಳೆಯರು ಈಗ ಡಲ್ಲಾಸ್‌ನಲ್ಲಿದ್ದಾರೆ, ನ್ಯೂಜೆರ್ಸಿಯಲ್ಲಿದ್ದಾರೆ. ಅವರ ಹವ್ಯಾಸ ಗಾಲ್ಫ್. ತಲೆಗೆ ಬಿಳಿ ಟೋಪಿ, ಒಂದು ಕೈಗೆ ಗವಸು, ಹಿಂದೆ ಕಣ್ಣು ಹಾಯುವ ತನಕ ಹಸಿರು. ವಾರವಾರ ಪಟ ಬರುತ್ತವೆ. ಜೊತೆಗೊಂದು ಮಾತು: 'ಇಲ್ಲಿ ಜಾತಿ ಗೀತಿ ಏನೂ ಇಲ್ಲ ಕಣ್ರೋ, ಬರೀ ಆಟ.'

ಆ 'ಬರೀ ಆಟ'ದ ಮೇಲೆಯೇ ನಮ್ಮ ತಕರಾರು. ಹೊಟ್ಟೆಕಿಚ್ಚು ಅನ್ನುವವರು ಅನ್ನಲಿ. ಕೋಲಿನಿಂದ ಹೊಡೆಯುವ ಆಟ ನಮಗೇನೂ ಹೊಸದಲ್ಲ. ಚಿನ್ನಿಕೋಲು ಆಡಿಯೇ ಬೆಳೆದವರು ನಾವು. ಆದರೆ ಚಿನ್ನಿ ಹಾರಿ ಮೇಲಿನ ಬೀದಿಯ ಜಗಲಿಗೆ ಬಿದ್ದರೆ ಅದನ್ನು ಹೆಕ್ಕಲು ನಾವು ಹೋಗುವಂತಿರಲಿಲ್ಲ. ಗಾಲ್ಫಿನಲ್ಲಿ ಚೆಂಡು ಗೆರೆ ದಾಟಿದರೆ ಔಟ್ ಆಫ್ ಬೌಂಡ್ಸ್ ಅಂತಾರಂತೆ. ನಮ್ಮಲ್ಲಿ ಗೆರೆ ಇದ್ದದ್ದು ಚೆಂಡಿಗಲ್ಲ, ಹುಡುಗನಿಗೆ.

ಪರದೇಶದಲ್ಲಿದ್ದುಕೊಂಡು ಗಾಲ್ಫ್ ಆಡುವ ಚಟ ಹಳೆಯದು. ಇಂಗ್ಲಿಷಿನವನಿಗೆ ಪರದೇಶ ಅಂದರೆ ನಮ್ಮ ಊರು. 1829ರಲ್ಲಿ ಕಲ್ಕತ್ತೆಯಲ್ಲಿ ಗಾಲ್ಫ್ ಕ್ಲಬ್ಬು ಕಟ್ಟಿದ, 1876ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ. ನಮ್ಮ ಕೋಲಾರದ ಕಡೆ ಚಿನ್ನದ ಗಣಿಗೆ 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಹಿಂದೆಯೇ ಬಂಗಲೆ ಬಂತು, ಕ್ಲಬ್ಬು ಬಂತು, ಗಾಲ್ಫ್ ಮೈದಾನ ಬಂತು. ಮನೆ ಬಿಟ್ಟು ಅಷ್ಟು ದೂರ ಬಂದವನಿಗೆ ಬೇಸರ ಕಳೆಯಬೇಡವೇ ಪಾಪ! ಮೇಲೆ ದೊರೆ ಚೆಂಡನ್ನು ಗುಳಿಗೆ ಬೀಳಿಸುತ್ತಿದ್ದ. ಕೆಳಗೆ ಗುಳಿಗೆ ಇಳಿಯುತ್ತಿದ್ದವರು ನಮ್ಮವರು. ಉತ್ತರ ಆರ್ಕಾಟಿನಿಂದ ಬಂದ ಪರೆಯರು, ನಮ್ಮ ಕಡೆಯ ಹೊಲೆಯ ಮಾದಿಗರು, ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ. ಆ ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಕಲ್ಲಿನ ಧೂಳು ಎದೆಗೂಡಿಗೆ ಇಳಿದು ಸಿಲಿಕೋಸಿಸ್ ಆಗಿ ಅವರು ಕೆಮ್ಮಿ ಕೆಮ್ಮಿ ಸತ್ತರು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂದದ್ದು ಗಣಿಗೆ, ಕೂಲಿಗಳ ತಟ್ಟಿಮನೆಗಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಉಳಿದದ್ದು ಸಯನೈಡ್ ದಿಬ್ಬಗಳು, ಗಾಳಿ ಬಂದರೆ ಅನ್ನದ ತಟ್ಟೆಗೆ ಬೀಳುವ ಧೂಳು.

ದೊರೆ ಪರದೇಶಕ್ಕೆ ಚೀಲ ತಂದ. ನಮ್ಮವರು ಪರದೇಶಕ್ಕೆ ಹೋದಾಗ ಏನು ಒಯ್ದರು? 1860ರ ನವೆಂಬರಿನಲ್ಲಿ ಮದರಾಸಿನಿಂದ ಹೊರಟ ಟ್ರೂರೊ ಹಡಗು ದಕ್ಷಿಣ ಆಫ್ರಿಕದ ಡರ್ಬನ್ ಮುಟ್ಟಿತು. ಅದರಲ್ಲಿದ್ದವರು ಕಬ್ಬಿನ ತೋಟಕ್ಕೆ ಹೋದ ಕರಾರು ಕೂಲಿಗಳು. ಅವರ ಕೈಯಲ್ಲಿದ್ದದ್ದು ಹೆಬ್ಬೆಟ್ಟೊತ್ತಿದ ಕಾಗದ. ಆಮೇಲೆ ಐವತ್ತು ವರ್ಷ ಹಾಗೆ ಹಡಗುಗಳು ಹೋಗುತ್ತಲೇ ಇದ್ದವು. ಹಾಗೆ ಹೋದವರ ವಂಶದಲ್ಲಿ ಪಾಪ್ವಾ ಸೆವ್ಗೋಲಮ್ ಎಂಬ ಹುಡುಗ ಹುಟ್ಟಿದ. ಗಾಲ್ಫ್ ಆಡುವ ಗೆಳೆಯರೇ, ನಿಮ್ಮ ಕ್ಲಬ್ಬಿನಲ್ಲಿ ಯಾರಾದರೂ ಈ ಹೆಸರು ಹೇಳಿದ್ದಾರೇನು?

ಓದು ಬರಹ ಬಾರದ ಪಾಪ್ವಾ ಬಿಳಿಯರ ಚೀಲ ಹೊತ್ತು ಅವರ ಹಿಂದೆ ನಡೆಯುವ ಕ್ಯಾಡಿ ಆಗಿದ್ದ. ಯಾರೂ ಕಲಿಸಲಿಲ್ಲ, ನೋಡಿ ಕಲಿತ. ಪುಸ್ತಕದ ಪ್ರಕಾರ ಕೋಲಿನ ಮೇಲೆ ಎಡಗೈ ಮೊದಲು, ಅದರ ಕೆಳಗೆ ಬಲಗೈ. ಇವನದು ಉಲ್ಟಾ, ಬಲಗೈ ಮೇಲೆ, ಎಡಗೈ ಕೆಳಗೆ. ಬಲ್ಲವರು ಈ ಹಿಡಿತದಲ್ಲಿ ಆಡಲು ಸಾಧ್ಯವೇ ಇಲ್ಲ ಅಂದರು. (ನಮ್ಮ ಕನ್ನಡ ನೋಡಿದ ಪಂಡಿತರೂ ಇದನ್ನೇ ಅನ್ನುತ್ತಾರೆ, ಅದು ಬಿಡಿ. ಎಡಗೈ ಬಲಗೈ ಅಂತ ನಮ್ಮ ನಮ್ಮಲ್ಲೇ ಕಚ್ಚಾಡುವವರು ಮಾತ್ರ ಈ ಹಿಡಿತವನ್ನು ಒಂದು ಸಲ ನೋಡಬೇಕು. ಯಾವುದು ಮೇಲಿದ್ದರೂ ಎರಡೂ ಕೈ ಕೂಡಿದ್ದಕ್ಕೇ ಚೆಂಡು ಹೋಯಿತು.) ಅದೇ ಹಿಡಿತದಲ್ಲಿ ಅವನು 1959ರಲ್ಲಿ ಡಚ್ ಓಪನ್ ಗೆದ್ದ. 1960ರಲ್ಲಿ ಗೆದ್ದ. 1964ರಲ್ಲಿ ಮತ್ತೆ ಗೆದ್ದ.

ನಡುವೆ 1963. ಅವನದೇ ಊರು ಡರ್ಬನ್, ಬಿಳಿಯರ ಕಂಟ್ರಿ ಕ್ಲಬ್ಬು, ನಟಾಲ್ ಓಪನ್. ಪಾಪ್ವಾ ಗೆದ್ದ. ಗೆದ್ದ ಮೇಲೆ ಮಳೆ ಬಂತು. ಬಿಳಿಯರು ಕ್ಲಬ್ಬಿನ ಒಳಗೆ ಸೇರಿದರು. ಗೆದ್ದವನಿಗೆ ಒಳಗೆ ಹೋಗುವ ಹಕ್ಕಿಲ್ಲ, ವರ್ಣಭೇದದ ಕಾನೂನು. ಹೊರಗೆ ಮಳೆಯಲ್ಲಿ ನಿಲ್ಲಿಸಿಯೇ ಬಹುಮಾನ ಕೊಟ್ಟರು. ಆ ಪಟ ಲೋಕವೆಲ್ಲ ಸುತ್ತಿತು, ಲೋಕ ಅಯ್ಯೋ ಅಂತು. ಹೋಟೆಲಿನ ಹಿಂದೆ ನಿಂತು ತೆಂಗಿನ ಚಿಪ್ಪಿನಲ್ಲಿ ಕಾಫಿ ಕುಡಿದ ನಮ್ಮ ತಾತಂದಿರಿಗೆ ಈ ಕತೆ ಹೇಳಿದ್ದರೆ 'ಇದರಲ್ಲಿ ಹೊಸದೇನಿದೆ ಮಗಾ' ಅಂತಿದ್ದರು. 1965ರಲ್ಲಿ ಪಾಪ್ವಾ ಅದೇ ಪಂದ್ಯದಲ್ಲಿ ಗ್ಯಾರಿ ಪ್ಲೇಯರ್‌ನನ್ನೇ ಸೋಲಿಸಿದ. ಈ ಗ್ಯಾರಿ ಪ್ಲೇಯರ್ ಅದೇ ವರ್ಷ ಅಮೆರಿಕದ ಓಪನ್ ಗೆದ್ದವನು, ಲೋಕಪ್ರಸಿದ್ಧ. ಆಮೇಲೆ ಸರ್ಕಾರ ಪಾಪ್ವಾನನ್ನು ಪಂದ್ಯಗಳಿಂದಲೇ ಹೊರಗಿಟ್ಟಿತು, ಪಾಸ್‌ಪೋರ್ಟನ್ನೂ ಕಿತ್ತುಕೊಂಡಿತು. 1978ರಲ್ಲಿ ಅವನು ಸತ್ತಾಗ ಐವತ್ತೂ ತುಂಬಿರಲಿಲ್ಲ. ಕೈಯಲ್ಲಿ ಕಾಸಿರಲಿಲ್ಲ.

ಅದು ಆಫ್ರಿಕ, ನಾವಿರುವುದು ಅಮೆರಿಕ ಅನ್ನುತ್ತೀರಿ. ಸರಿ, ಅಮೆರಿಕವನ್ನೇ ನೋಡಿ. ನೀವು ಚೆಂಡು ಕೂರಿಸುವ ಆ ಪುಟ್ಟ ಮರದ ಗೂಟಕ್ಕೆ 1899ರಲ್ಲಿ ಪೇಟೆಂಟ್ ಪಡೆದವನು ಜಾರ್ಜ್ ಗ್ರಾಂಟ್, ಒಬ್ಬ ಕಪ್ಪು ಹಲ್ಲಿನ ಡಾಕ್ಟರು. ಕಸುಬಿಗಾಗಿ ಗಾಲ್ಫ್ ಆಡುವವರ ಸಂಘ ಪಿಜಿಎ 1961ರ ತನಕ ತನ್ನ ನಿಯಮಾವಳಿಯಲ್ಲೇ ಬಿಳಿಯರಿಗೆ ಮಾತ್ರ ಅಂತ ಬರೆದಿಟ್ಟುಕೊಂಡಿತ್ತು. ಮಾಸ್ಟರ್ಸ್ ಪಂದ್ಯ ನಡೆಯುವ ಆಗಸ್ಟಾ ಕ್ಲಬ್ಬಿನಲ್ಲಿ 1982ರ ತನಕ ಆಡುವವನು ಯಾರೇ ಆಗಲಿ, ಚೀಲ ಹೊರುವವನು ಕ್ಲಬ್ಬಿನ ಕಪ್ಪು ಕ್ಯಾಡಿಯೇ ಆಗಬೇಕಿತ್ತು. ಅದೇ ಕ್ಲಬ್ಬಿಗೆ ಮೊದಲ ಕಪ್ಪು ಸದಸ್ಯ ಬಂದದ್ದು 1990ರಲ್ಲಿ. ಹೆಗಲು ಒಳಗೆ ಬರಬಹುದು, ಮನುಷ್ಯ ಬರಬಾರದು. ಇದು ಯಾವ ಶಾಸ್ತ್ರದ ಮಾತು ಅಂತ ನಿಮಗೆ ನಾವು ಬಿಡಿಸಿ ಹೇಳಬೇಕೆ?

ಚೀಲ ಹೊತ್ತವರೂ ಗೆದ್ದಿಲ್ಲವೇ ಅಂತ ಕೇಳುವವರಿದ್ದಾರೆ. ಗೆದ್ದಿದ್ದಾರೆ. ದಿಲ್ಲಿಯ ಕ್ಯಾಡಿ ಅಲಿ ಶೇರ್ 1991ರಲ್ಲಿ, ಬೆಂಗಳೂರಿನ ಕ್ಯಾಡಿ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ನಮಗೆ ಹೆಮ್ಮೆಯಿದೆ. ಆದರೆ ಒಬ್ಬ ಮುನಿಯಪ್ಪನ ಪಟ ಗೋಡೆಗೆ ನೇತುಹಾಕಿ ಉಳಿದ ನೂರು ಮುನಿಯಪ್ಪಂದಿರನ್ನು ಗೇಟಿನ ಹತ್ತಿರವೇ ಕೂರಿಸುವ ಜಾಣತನವೂ ನಮಗೆ ಗೊತ್ತಿದೆ.

ಈಗ ನಿಮ್ಮ ಆಟಕ್ಕೆ ಬರೋಣ. ಗುಂಪಿಗೆ ನಾಲ್ವರು, ನಾಲ್ಕು ಗಂಟೆಯ ನಡಿಗೆ. ಅಷ್ಟು ಹೊತ್ತು ಚೆಂಡಿನ ಮಾತೊಂದೇ ಆಡುತ್ತೀರಾ? ಮೂವರು ನಮ್ಮ ಕಡೆಯವರೇ ಸಿಕ್ಕಿಬಿಟ್ಟರೆ ಮೊದಲ ಗುಳಿಯಲ್ಲಿ ಯಾವ ಊರು ಅಂತಾರೆ. ಮೂರನೆಯದರಲ್ಲಿ, ಊರಲ್ಲಿ ಎಲ್ಲಿ ಅಂತಾರೆ. ಅಪ್ಪ ಏನು ಮಾಡ್ತಿದ್ರು? ಮನೇಲಿ ನಾನ್‌ವೆಜ್ ತಿಂತೀರಾ? ಒಂಬತ್ತನೆಯ ಗುಳಿ ಬರುವಷ್ಟರಲ್ಲಿ ನಿಮ್ಮ ಕೇರಿ ಅವರಿಗೆ ಸಿಕ್ಕಿರುತ್ತದೆ, ಇಲ್ಲವೇ ನೀವು ಒಂದು ಸುಳ್ಳು ಹೇಳಿರುತ್ತೀರಿ. ಅಲ್ಲಿ ಜಾತಿ ಇಲ್ಲದಿದ್ದರೆ 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರಸಭೆ ಜಾತಿ ತಾರತಮ್ಯದ ವಿರುದ್ಧ ಕಾನೂನು ಮಾಡಿದ್ದು ಯಾಕೆ? ಮಾಡಲು ಬೇರೆ ಕೆಲಸವಿರಲಿಲ್ಲವೇ?

ಮೇಲುಜಾತಿಯ ಎನ್‌ಆರ್‌ಐಗಳಿಗೆ ನಾವಿದನ್ನು ಬರೆಯುತ್ತಿಲ್ಲ. ಅವರು ನಮ್ಮ ಪತ್ರಿಕೆ ಕೊಳ್ಳುವುದೂ ಇಲ್ಲ. ಬರೆಯುತ್ತಿರುವುದು ನಮ್ಮ ಹಾಸ್ಟೆಲಿನ ಗೆಳೆಯರಿಗೆ, ಒಂದೇ ಟ್ರಂಕಿನ ಮೇಲೆ ಕೂತು ಓದಿದವರಿಗೆ. ಆಡಬೇಡಿ ಅನ್ನುತ್ತಿಲ್ಲ ಮಾರಾಯರೇ, ಆಡಿ. ನಮ್ಮವ್ವಂದಿರು ಕಳೆ ಕಿತ್ತ ಬೆನ್ನಿನ ಋಣ ನಿಮ್ಮನ್ನು ಅಲ್ಲಿಗೆ ಮುಟ್ಟಿಸಿದೆ, ಹುಲ್ಲಿನ ಮೇಲೆ ನಡೆಯುವ ಹಕ್ಕು ನಿಮಗಿಲ್ಲದೆ ಇನ್ಯಾರಿಗಿದೆ? ಆದರೆ ಆ ನಾಲ್ವರಲ್ಲಿ ನಾಲ್ಕನೆಯವರಾಗಲು ಕೇರಿಯ ಹೆಸರನ್ನು ನುಂಗಿಕೊಂಡರೆ, ಅವ್ವನನ್ನು ಕ್ಲಬ್ಬಿನ ಹೊರಗೆ ಮಳೆಯಲ್ಲಿ ನಿಲ್ಲಿಸಿದವರು ನೀವೇ ಆಗುತ್ತೀರಿ. ಯಾವ ಊರು ಅಂದರೆ ಊರು ಹೇಳಿ. ಊರಲ್ಲಿ ಎಲ್ಲಿ ಅಂದರೆ ಹೊಲಗೇರಿ ಅನ್ನಿ, ಮಾದಿಗರ ಕೇರಿ ಅನ್ನಿ. ಅಂದು ಚೆಂಡು ಹೊಡೆಯಿರಿ. ಕೈ ನಡುಗಿದರೆ ಪಾಪ್ವಾನ ಹಿಡಿತ ಹಿಡಿದು ನೋಡಿ.

ಇಲ್ಲಿ ಚೀಲ ಹೊರಲು ಆಳಿಲ್ಲ, ಬ್ಯಾಟರಿ ಗಾಡಿಯಿದೆ ಅಂತ ಒಬ್ಬ ಗೆಳೆಯ ಬರೆದಿದ್ದಾನೆ. ಒಳ್ಳೆಯದಪ್ಪ. ನೀನು ಆಡುವ ಹೊತ್ತಿಗೆ ಆ ಹುಲ್ಲು ಅಂಗೈಯಷ್ಟು ನುಣ್ಣಗಿರುತ್ತದಲ್ಲ, ಬೆಳಗಿನ ಜಾವ ಬಂದು ಅದನ್ನು ಕತ್ತರಿಸಿ ಹೋಗುವವರು ಯಾರು? ನಿನ್ನ ಹಾಗೆ ವೀಸಾದ ಮೇಲೆ ಬಂದವರೂ ಅವರಲ್ಲಿದ್ದಾರೆ, ಎಷ್ಟೋ ಜನ ಮೆಕ್ಸಿಕೋದಿಂದ. ನಿನ್ನದು ಎಚ್-1ಬಿ, ಅವರದು ಎಚ್-2ಬಿ. ಹಂಗಾಮು ಮುಗಿದರೆ ವಾಪಸ್ಸು. ಮುಂದಿನ ಶನಿವಾರ ಒಂದು ಗಂಟೆ ಮುಂಚೆ ಹೋಗಿ ಅವರಲ್ಲೊಬ್ಬನನ್ನು ಮಾತಾಡಿಸು. ಊರು ಯಾವುದು, ದಿನಕ್ಕೆ ಕೂಲಿ ಎಷ್ಟು, ಮನೆಯಲ್ಲಿ ಯಾರಿದ್ದಾರೆ ಕೇಳಿ ಬರೆದು ಕಳಿಸು. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿದ್ದೇವೆ.